‘ಪ್ರಭಾವಿಸು’ ತಪ್ಪು ಎಂದವರು ಯಾರು?

ಪ್ರಶ್ನೆ: ‘ಪ್ರಭಾವಿಸು’ ಹಿಂದಿಯಿಂದ ನುಸುಳಿದ ಪ್ರಯೋಗ, ‘ಪ್ರಭಾವ ಬೀರು’ ಎಂದೇ ಬರೆಯಬೇಕು ಎನ್ನುತ್ತಾರೆ. ಇದು ನಿಜವೇ? ಇದೇ ಅರ್ಥಕ್ಕೆ ಬೇರೆ ಪದಗಳು ಯಾವುವು?

ಉತ್ತರ: ನಿಜವಲ್ಲ. ಎರಡೂ ಸರಿಯಾದ ಕನ್ನಡ. ಈ ಮಾತನ್ನು ಹಿಂದೆಯೂ ಹೇಳಿದ್ದೇನೆ. ಆದರೂ ‘ಪ್ರಭಾವಿಸಿದರು’ ಎಂದು ಬರೆದ ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೆರೆ ಬೀಳುವುದು ನಿಂತಿಲ್ಲ. ಆದ್ದರಿಂದ ಈ ಸಲ ಬುಡದಿಂದಲೇ ನೋಡೋಣ.

ನಾಮಪದಕ್ಕೆ, ‘ಧಗಧಗ’ದಂಥ ಅನುಕರಣ ಶಬ್ದಕ್ಕೆ ‘ಇಸು’ ಹಚ್ಚಿ ಕ್ರಿಯಾಪದ ಮಾಡಿಕೊಳ್ಳುವುದು ಕನ್ನಡದ ಹುಟ್ಟುಗುಣ. ಶಾಲೆಯ ವ್ಯಾಕರಣದಲ್ಲಿ ‘ಸಾಧಿತ ಧಾತು’ ಎಂಬ ಪಾಠವನ್ನು ಎಲ್ಲರೂ ಓದಿರುತ್ತೇವೆ. ಕನ್ನಡ, ಕನ್ನಡಿಸು, ಧಗಧಗ, ಧಗಧಗಿಸು, ರಕ್ಷಾ, ರಕ್ಷಿಸು. ಪದ ಯಾವ ಊರಿನಿಂದ ಬಂದಿದೆ ಎಂದು ‘ಇಸು’ ವಿಚಾರಿಸುವುದಿಲ್ಲ. ಪಾರಸಿ, ಅರಬ್ಬಿ ಮೂಲದ ಕಚೇರಿ ಮಾತುಗಳಿಂದಲೂ ನಾವು ‘ದಾಖಲಿಸು’, ‘ರವಾನಿಸು’ ಎಂದು ಮಾಡಿಕೊಂಡೆವು. ಪೊಲೀಸರು ದೂರು ದಾಖಲಿಸಿಕೊಂಡರು ಎಂದು ಓದುವಾಗ ಯಾರಿಗೂ ಮುಜುಗರವಾಗುವುದಿಲ್ಲ.

ಇನ್ನೂ ಹತ್ತಿರದ ಸಾಕ್ಷಿ ಬೇಕೇ? ‘ಪ್ರಭಾವ’ದ ಬೇರು ಸಂಸ್ಕೃತದ ‘ಭೂ’ ಧಾತು. ಭಾವ, ಅನುಭವ, ಸಂಭವ, ಉದ್ಭವ ಇವೆಲ್ಲ ಅದೇ ಬೇರಿನ ಚಿಗುರುಗಳು. ಭಾವಿಸು, ಅನುಭವಿಸು, ಸಂಭವಿಸು, ಉದ್ಭವಿಸು ಎಂದು ನಾವು ದಿನವೂ ಬರೆಯುತ್ತೇವೆ. ಅಪಘಾತ ಸಂಭವಿಸಬಹುದು, ಸಮಸ್ಯೆ ಉದ್ಭವಿಸಬಹುದು, ಕಷ್ಟವನ್ನು ಅನುಭವಿಸಬಹುದು. ಒಬ್ಬ ಲೇಖಕ ಇನ್ನೊಬ್ಬನನ್ನು ಪ್ರಭಾವಿಸಬಾರದು ಎಂದರೆ ಅದಕ್ಕೆ ಯಾವ ವ್ಯಾಕರಣದ ಆಧಾರವಿದೆ? ಒಂದೇ ಮನೆಯ ನಾಲ್ವರನ್ನು ಒಳಗೆ ಬಿಟ್ಟು ಐದನೆಯವನನ್ನು ಹೊಸಿಲಲ್ಲೇ ತಡೆಯುವುದು ನ್ಯಾಯವಲ್ಲ.

ಹಿಂದಿಯ ಆರೋಪವೂ ನಿಲ್ಲುವುದಿಲ್ಲ. ಹಿಂದಿಯವರು ‘ಪ್ರಭಾವಿತ್ ಕರ್‌ನಾ’ ಎನ್ನುತ್ತಾರೆ. ಅವರಿಗೆ ‘ಮಾಡು’ ಎಂಬ ಇನ್ನೊಂದು ಕ್ರಿಯಾಪದದ ಆಸರೆ ಬೇಕು. ಪದವನ್ನೇ ಕ್ರಿಯೆಯಾಗಿಸುವ ‘ಇಸು’ ನಮ್ಮದು. ಹಿಂದಿಯ ಜಾಡು ಹುಡುಕಲೇಬೇಕೆಂದರೆ ‘ಪ್ರಭಾವಿತಗೊಳಿಸು’ ಎಂಬ ತೊಡಕಿನ ಪದದಲ್ಲಿ ಹುಡುಕಿ. ಅದನ್ನು ಬಿಟ್ಟರೆ ವಾಕ್ಯ ಹಗುರಾಗುತ್ತದೆ.

‘ಹಳಬರು ಹೀಗೆ ಬರೆದಿಲ್ಲ’ ಎಂಬುದು ಇನ್ನೊಂದು ವಾದ. ಹಳೆಯ ಕಾವ್ಯಗಳಲ್ಲಿ ಪ್ರಭಾವವೆಂದರೆ ಹೆಚ್ಚಾಗಿ ಮಹಿಮೆ, ಸಾಮರ್ಥ್ಯ. ಒಬ್ಬರ ವಿಚಾರ ಇನ್ನೊಬ್ಬರನ್ನು ತಿದ್ದುವ ಇಂದಿನ ಅರ್ಥ ಹೊಸಗಾಲದ ಗದ್ಯದಲ್ಲಿ ಬಲಿತದ್ದು. ಹಾಗಾಗಿ ಹೊಸತು ಎಂಬ ಕಾರಣಕ್ಕೆ ‘ಪ್ರಭಾವಿಸು’ ಬೇಡವೆನ್ನುವವರು ‘ಪ್ರಭಾವ ಬೀರು’ ಎಂಬುದನ್ನೂ ಬಿಡಬೇಕಾಗುತ್ತದೆ.

‘ಬೀರು’ ಚೆಲುವಾದ ಮಾತು, ಅದರಲ್ಲಿ ಅನುಮಾನವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ಹೂವು ಕಂಪು ಬೀರುತ್ತದೆ, ಮಗು ನಗೆ ಬೀರುತ್ತದೆ. ಸುತ್ತಲೂ ಹರಡುವ ಗುಣ ಅದರಲ್ಲಿದೆ. ಒಬ್ಬ ಗುರುವಿನ ನಡೆನುಡಿ ಇಡೀ ಊರನ್ನು ಬದಲಿಸಿತು ಎನ್ನುವಾಗ ‘ಪ್ರಭಾವ ಬೀರಿತು’ ಎಂಬುದೇ ಒಪ್ಪುತ್ತದೆ. ‘ಈ ಕವಿಯನ್ನು ಪ್ರಭಾವಿಸಿದ ಮೂವರು’ ಎಂದು ನೇರವಾಗಿ ಹೇಳಬೇಕಾದಾಗ ‘ಪ್ರಭಾವಿಸು’ ಚೊಕ್ಕ.

ನಿಜವಾದ ತಪ್ಪು ವಿಭಕ್ತಿಯಲ್ಲಿ ಆಗುತ್ತದೆ. ಅದಕ್ಕೆ ಕೆಂಪು ಗೆರೆ ಹಾಕಿದರೆ ನನ್ನ ತಕರಾರಿಲ್ಲ. ‘ಅವರು ಯುವಕರನ್ನು ಪ್ರಭಾವ ಬೀರಿದರು’ ಎಂಬ ವಾಕ್ಯ ಸರಿಯಲ್ಲ. ಬೀರುವುದು ಯುವಕರ ಮೇಲೆ. ‘ಪ್ರಭಾವಿಸು’ ಎಂದಾಗ ಮಾತ್ರ ‘ಯುವಕರನ್ನು’. ಪ್ರಭಾವ ಪಡೆದವರ ಕಡೆಯಿಂದ ಹೇಳುವುದಾದರೆ ‘ಪ್ರಭಾವಕ್ಕೆ ಒಳಗಾದರು’, ‘ಪ್ರಭಾವಿತರಾದರು’.

ಬೇರೆ ಪದಗಳನ್ನು ಕೇಳಿದ್ದೀರಿ. ಸಂದರ್ಭ ಬಿಟ್ಟು ಸಮಾನಾರ್ಥಕ ಪದ ಕೊಡುವುದು ನನಗೆ ಇಷ್ಟವಿಲ್ಲ. ಮಾತು ಮನಸ್ಸಿಗೆ ನಾಟುತ್ತದೆ. ಬೆಲೆ ಏರಿಕೆಯ ಬಿಸಿ ತಟ್ಟುತ್ತದೆ. ಹಟ ಹಿಡಿದವರನ್ನು ಮನವೊಲಿಸುತ್ತೇವೆ, ಹಿಂಜರಿಯುವವರನ್ನು ಹುರಿದುಂಬಿಸುತ್ತೇವೆ. ಗೆಳೆಯರ ಪ್ರಭಾವದಿಂದ ಹಾಳಾದ ಎನ್ನುವುದಕ್ಕೆ ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯೇ ಇದೆ. ಮದ್ಯದ ‘ಪ್ರಭಾವದಲ್ಲಿ’ ವಾಹನ ಓಡಿಸಿದ ಎಂದು ಬರೆಯಬೇಡಿ, ‘ಅಮಲಿನಲ್ಲಿ’ ಎಂಬ ಒಳ್ಳೆಯ ಪದವಿದೆ.

‘ಪರಿಣಾಮ’ವನ್ನು ಮಾತ್ರ ಇದಕ್ಕೆ ಸಮಾನವೆಂದು ಕಣ್ಣುಮುಚ್ಚಿ ಬಳಸಬೇಡಿ. ಪರಿಣಾಮವೆಂದರೆ ಮೂಲದಲ್ಲಿ ಮಾರ್ಪಾಡು. ಹಾಲು ಮೊಸರಾಗುವುದು ನಮ್ಮ ದರ್ಶನಶಾಸ್ತ್ರಗಳು ಅದಕ್ಕೆ ಕೊಡುವ ಹಳೆಯ ಉದಾಹರಣೆ. ಪ್ರಭಾವ ಕೆಲಸ ಮಾಡುವ ಶಕ್ತಿ. ಪರಿಣಾಮ ಆ ಕೆಲಸದಿಂದ ಆದ ಬದಲಾವಣೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಪ್ರಭಾವದಿಂದ ಮಳೆ ಬರುತ್ತದೆ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳೆತರೆ ಅದು ಮಳೆಯ ಪರಿಣಾಮ. ‘ಪ್ರಭಾವ ಒಳ್ಳೆಯದಕ್ಕೆ, ಪರಿಣಾಮ ಕೆಟ್ಟದ್ದಕ್ಕೆ’ ಎಂದು ಬಾಯಿಪಾಠ ಮಾಡಿಕೊಂಡವರು ‘ಸತ್ಪರಿಣಾಮ’ ಎಂಬ ಪದವನ್ನು ನೆನೆಯಲಿ.

ಇಷ್ಟೆಲ್ಲ ಬರೆದ ಮೇಲೆ, ನೀವು ಕೇಳದ ಒಂದು ಮಾತು. ‘ಪ್ರಭಾವಿ ವ್ಯಕ್ತಿ’ ಎಂದೊಡನೆ ನಮಗೆ ವಶೀಲಿ, ಶಿಫಾರಸು ಏಕೆ ನೆನಪಾಗುತ್ತವೆ? ಪದ ಈಚೆಗೆ ಕೆಟ್ಟಿತೆಂದು ಹಲವರು ಕೊರಗುತ್ತಾರೆ. ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶ ತೆರೆದು ನೋಡಿ: ‘ಸ ಪ್ರತಾಪಃ ಪ್ರಭಾವಶ್ಚ ಯತ್ತೇಜಃ ಕೋಶದಂಡಜಮ್’. ಬೊಕ್ಕಸ ಮತ್ತು ದಂಡಿನ ಬಲದಿಂದ ರಾಜನಿಗೆ ಬರುವ ತೇಜಸ್ಸೇ ಪ್ರಭಾವ ಎಂದು ಅದರರ್ಥ. ಹಣವೂ ಅಧಿಕಾರವೂ ಈ ಪದದೊಳಗೆ ಅಂದಿನಿಂದಲೇ ಇವೆ. ಜಾಮೀನು ನೀಡುವ ನ್ಯಾಯಾಲಯ ‘ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು’ ಎಂದು ಷರತ್ತು ವಿಧಿಸುವಾಗ ಮನಸ್ಸಿನಲ್ಲಿರುವುದು ಈ ಹಳೆಯ ಅರ್ಥದ ಪ್ರಭಾವ. ಸಾಕ್ಷಿಗೆ ದುಡ್ಡಿನ ಆಮಿಷ ಒಡ್ಡಬೇಡ, ಅಧಿಕಾರ ತೋರಿಸಿ ಹೆದರಿಸಬೇಡ ಎಂದೇ ಅದರ ತಾತ್ಪರ್ಯ. ಅದನ್ನು ಹಾಗೆಯೇ ಬಿಡಿಸಿ ಬರೆದರೆ ಆರೋಪಿಗೂ ಸಾಕ್ಷಿಗೂ ಇನ್ನಷ್ಟು ಚೆನ್ನಾಗಿ ಅರ್ಥವಾದೀತು.