ತುಂಬಲಿ ಅಂತ ಕಾಯಬೇಡಿ

ಕಳೆದ ವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಅಡುಗೆಮನೆ ಕಟ್ಟೆಯ ಮೇಲೆ ಎದೆಹಾಲು ತೆಗೆಯುವ ಪಂಪಿನ ಬಾಟಲಿ. ಹಾಲು 120 ಎಂಎಲ್ ಗೆರೆ ಮುಟ್ಟಿದೆ. ಕೆಳಗೆ ಬರೆದಿತ್ತು: 'ಮೇಡಂ, ನಿನ್ನೆ ಬರೀ 40 ಬಂದಿತ್ತು. ಇವತ್ತು ನೋಡಿ!'

ಹೇಗೆ ಬಂತಮ್ಮ ಅಂತ ಕೇಳಿದೆ. 'ಬೆಳಗಿನ ಜಾವದಿಂದ ಎದೆ ತುಂಬಲಿ ಅಂತ ಹಾಗೇ ಬಿಟ್ಟಿದ್ದೆ ಮೇಡಂ. ಮಗುಗೆ ಅತ್ತೆ ಎರಡು ಸಲ ಡಬ್ಬಿ ಹಾಲು ಕೊಟ್ರು.'

ಅವಳ ಖುಷಿ ನೋಡಿ ನನಗೆ ಸಂಕಟವಾಯಿತು. ಇನ್ನು ಐದು ವಾರಕ್ಕೆ ಆಫೀಸಿಗೆ ಹೋಗಬೇಕಾದ ಹುಡುಗಿ. ಮನೆ ಬನಶಂಕರಿ, ಕೆಲಸ ಬೆಳ್ಳಂದೂರು. ಹೋಗಿ ಬರೋದಕ್ಕೇ ದಿನಕ್ಕೆ ಮೂರು ಗಂಟೆ ಬೇಕು. ಫ್ರೀಜರ್‌ನಲ್ಲಿ ಒಂದಿಷ್ಟು ಹಾಲು ಸೇರಿಸಿಟ್ಟರೆ ನೆಮ್ಮದಿ ಅನ್ನುವ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ಬೆಳಿಗ್ಗೆ ಅವಳು ಮಾಡಿದ್ದು ಹಾಲು ಕಡಿಮೆ ಮಾಡುವ ಕೆಲಸ. ಹದಿನೆಂಟು ವರ್ಷದಿಂದ ಬಾಣಂತಿಯರ ಪಕ್ಕ ಕೂತು ಹಾಲೂಡಿಸುವುದನ್ನು ಹೇಳಿಕೊಡುತ್ತಿದ್ದೇನೆ. ಬೇರೆ ಯಾವ ಮಾತನ್ನೂ ಇಷ್ಟು ಸಲ ಹೇಳಿಲ್ಲ. ತುಂಬಲಿ ಅಂತ ಕಾಯಬೇಡಿ.

ನಮ್ಮೆಲ್ಲರ ತಲೆಯಲ್ಲಿ ಎದೆ ಅಂದರೆ ಮನೆ ಮುಂದಿನ ಸಂಪು ಇದ್ದ ಹಾಗೆ. ಕಾವೇರಿ ನೀರು ಬಿಡ್ತಾರೆ, ಸಂಪು ತುಂಬುತ್ತೆ, ಆಮೇಲೆ ಬಳಸ್ತೀವಿ. ಮುಟ್ಟದೆ ಬಿಟ್ಟಷ್ಟೂ ಜಾಸ್ತಿ ಸೇರುತ್ತೆ. ಎದೆ ಹಾಗಲ್ಲ. ಅದು ಹೊಳೆಯ ಮರಳಿನಲ್ಲಿ ತೋಡಿದ ಒರತೆಯ ಹಾಗೆ. ತೆಗೆದ ಹಾಗೆಲ್ಲ ಊರುತ್ತದೆ. ತೆಗೆಯದೆ ಬಿಟ್ಟರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಎದೆಯಲ್ಲಿ ಹಾಲು ಕೂಡಿಕೊಂಡಷ್ಟೂ ಹಾಲು ತಯಾರಿಸುವ ಜೀವಕೋಶಗಳು ನಿಧಾನವಾಗುತ್ತವೆ. ತುಂಬಿ ಬಿಗಿದು ನಿಂತ ಎದೆಯಲ್ಲಿ ಹಾಲು ತಯಾರಾಗುವ ವೇಗ ಕಮ್ಮಿ. ಮಗು ಈಗಷ್ಟೇ ಕುಡಿದು ಮೆತ್ತಗಾದ ಎದೆಯಲ್ಲಿ ಆ ವೇಗ ಜಾಸ್ತಿ. ಹೆರಿಗೆಯಾದ ಮೊದಲ ದಿನಗಳಲ್ಲಿ ಹಾರ್ಮೋನುಗಳ ಜೋರಿಗೆ ಹಾಲು ತಾನಾಗಿ ಇಳಿಯುತ್ತದೆ. ಕೆಲವು ವಾರ ಕಳೆದ ಮೇಲೆ ಎಷ್ಟು ಹಾಲು ಹೊರಗೆ ಹೋಗುತ್ತದೋ ಅದರ ಲೆಕ್ಕದಲ್ಲೇ ಮುಂದಿನ ಹಾಲು. ಎಡದ ಲೆಕ್ಕ ಎಡಕ್ಕೆ, ಬಲದ ಲೆಕ್ಕ ಬಲಕ್ಕೆ. ಕೆಲವು ಮಕ್ಕಳು ಒಂದೇ ಕಡೆ ಕುಡಿಯುವ ಹಟ ಮಾಡುತ್ತವೆ. ಆ ಕಡೆ ಹಾಲು ಧಾರಾಳ, ಇನ್ನೊಂದು ಕಡೆ ತಾನಾಗಿ ಬತ್ತುತ್ತಾ ಬರುತ್ತದೆ. ತಾಯಿ ಒಬ್ಬಳೇ, ಊಟವೂ ಒಂದೇ. ವ್ಯತ್ಯಾಸ ಹಾಲು ಹೊರಗೆ ಹೋಗುವುದರಲ್ಲಿ ಮಾತ್ರ.

ಇಷ್ಟು ಹೇಳಿದ ಮೇಲೂ ಬಹಳ ಜನ ಕೇಳುತ್ತಾರೆ, 'ಆದ್ರೂ ಮೇಡಂ, 120 ಬಂತಲ್ಲ?' ಬಂತು. ಅದು ಐದಾರು ಗಂಟೆ ಕೂಡಿಕೊಂಡಿದ್ದ ಹಾಲು. ಆ ಹೊತ್ತಿನಲ್ಲಿ ಮಗು ಎರಡು ಸಲ ಕುಡಿದಿದ್ದರೆ ಅದಕ್ಕಿಂತ ಜಾಸ್ತಿಯೇ ತಯಾರಾಗುತ್ತಿತ್ತು, ಬಾಟಲಿಯಲ್ಲಿ ಕಾಣಿಸುತ್ತಿರಲಿಲ್ಲ ಅಷ್ಟೆ. ಹಿಂದಿನ ದಿನದ 40 ಇದೆಯಲ್ಲ, ಅದು ಮಗು ಹೊಟ್ಟೆತುಂಬ ಕುಡಿದ ಮೇಲೆ ಸಿಕ್ಕಿದ್ದು. ನನ್ನನ್ನು ಕೇಳಿದರೆ ಖುಷಿಪಡಬೇಕಾದ್ದು ಆ 40ಕ್ಕೆ. ದಿನಾ ಹೊತ್ತಿಗೊಂದು ಸಲ ತುಂಬಲಿ ಅಂತ ಬಿಡುತ್ತಾ ಹೋದರೆ, ಇಷ್ಟು ಹಾಲು ಬೇಕಿಲ್ಲ ಅಂತ ಎದೆಗೆ ಹೇಳಿದ ಹಾಗಾಗುತ್ತದೆ. ಆಮೇಲೆ ಆ 120 ಕೂಡ ಇಳಿಯುತ್ತದೆ. ಆಗ ಗಾಬರಿ, ಇನ್ನೊಂದು ಸಲ ಡಬ್ಬಿ ಹಾಲು, ಎದೆಗೆ ಇನ್ನೂ ಕಮ್ಮಿ ಕೆಲಸ.

ಮಗುವಿಗೆ ಹಾಲು ಸಾಕಾಗುತ್ತಿದೆಯಾ ಅನ್ನುವುದನ್ನು ಪಂಪಿನ ಬಾಟಲಿ ನೋಡಿ ತೀರ್ಮಾನ ಮಾಡಬೇಡಿ. ಪಂಪ್ ಒಂದು ಯಂತ್ರ. ಕರು ಬಾಯಿ ಹಚ್ಚಿದರೆ ಹಸು ಹಾಲು ಇಳಿಸುತ್ತದೆ, ಹೊಸಬರ ಕೈಗೆ ತಡೆದುಕೊಳ್ಳುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ನಮ್ಮ ಮೈಯೂ ಹಾಗೇ. ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯಾ, ತೂಕ ಏರುತ್ತಿದೆಯಾ ನೋಡಿ. ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಆಗ ಡಬ್ಬಿ ಹಾಲು ಬೇಕಾಗಲೂಬಹುದು, ಅದರಲ್ಲಿ ತಪ್ಪೇನಿಲ್ಲ. ಥೈರಾಯ್ಡ್, ಪಿಸಿಓಎಸ್ ಅನ್ನುವ ಹಾರ್ಮೋನಿನ ತೊಂದರೆ, ಹಿಂದೆ ಎದೆಗೆ ಆದ ಆಪರೇಷನ್ ಇಂಥ ಕಾರಣಕ್ಕೆ ಕೆಲವರಿಗೆ ನಿಜವಾಗಿಯೂ ಹಾಲು ಕಮ್ಮಿ ಇರುತ್ತದೆ. ಅವರಿಗೆ 'ಇನ್ನೂ ಪ್ರಯತ್ನ ಪಡು' ಅಂತ ಹೇಳುವುದು ಕ್ರೂರ. ಇನ್ನು ಕೆಲವರಿಗೆ ಹಾಲು ಅತಿಯಾಗಿ ಎದೆ ಪದೇ ಪದೇ ಕಟ್ಟಿಕೊಳ್ಳುತ್ತದೆ. ಅವರು ಮೇಲಿಂದ ಮೇಲೆ ಪಂಪ್ ಮಾಡಿದರೆ ತೊಂದರೆ ಹೆಚ್ಚುತ್ತದೆ. ಹಾಗಾಗಿ ನಾನು ಇಲ್ಲಿ ಹೇಳುತ್ತಿರುವುದು ಮಗು ಚೆನ್ನಾಗಿ ಬೆಳೆಯುತ್ತಿರುವ, ಕೆಲಸಕ್ಕೆ ಹೊರಟಿರುವ ಸಾಮಾನ್ಯ ತಾಯಂದಿರಿಗೆ ಅಂತ ತಿಳಿಯಿರಿ.

ಹಾಗಾದರೆ ಎಷ್ಟು ಹಾಲು ಕೂಡಿಡಬೇಕು? ಬರೀ ಎದೆಹಾಲು ಕುಡಿಯುವ ಮಗು ಒಂದು ತಿಂಗಳಿಂದ ಆರು ತಿಂಗಳವರೆಗೆ ದಿನಕ್ಕೆ ಸುಮಾರು 750 ಎಂಎಲ್ ಕುಡಿಯುತ್ತದೆ. ಒಂದು ಮಗು ಇದಕ್ಕಿಂತ ಕಮ್ಮಿ, ಇನ್ನೊಂದು ಜಾಸ್ತಿ. ಎರಡನೇ ತಿಂಗಳಿಗೂ ಐದನೇ ತಿಂಗಳಿಗೂ ಈ ಅಳತೆ ಅಷ್ಟೇನೂ ಬದಲಾಗುವುದಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಗಂಟೆಗೆ ಸುಮಾರು 30 ಎಂಎಲ್ ಅಂತ ಇಟ್ಟುಕೊಳ್ಳಿ. ಹತ್ತು ಗಂಟೆ ಹೊರಗಿದ್ದರೆ 300. ಮೊದಲ ದಿನಕ್ಕೆ ಅಷ್ಟು, ಕೈತಪ್ಪಿ ಚೆಲ್ಲಿದರೆ ಇರಲಿ ಅಂತ ಇನ್ನೊಂದೆರಡು ದಿನದ್ದು. ಅಷ್ಟು ಸಾಕು. ಯಾಕೆಂದರೆ ಸೋಮವಾರ ಆಫೀಸಿನಲ್ಲಿ ತೆಗೆದದ್ದು ಮಂಗಳವಾರಕ್ಕೆ ಆಗುತ್ತದೆ. ಫ್ರೀಜರ್ ತುಂಬ ಹಾಲಿನ ಪ್ಯಾಕೆಟ್ ಜೋಡಿಸಿದ ಫೋಟೋಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ ಅಳುವವರಿಗೆ ಇದನ್ನು ಕಾಗದದಲ್ಲಿ ಬರೆದೇ ಕೊಡುತ್ತೇನೆ.

ಈ 300 ಸೇರಿಸುವುದಕ್ಕೆ ಮಗುವಿನ ಒಂದು ಹೊತ್ತನ್ನೂ ತಪ್ಪಿಸಬೇಕಿಲ್ಲ. ಮೂರು ನಾಲ್ಕು ವಾರ ಮುಂಚೆ ಶುರು ಮಾಡಿ. ಬೆಳಗಿನ ಮೊದಲ ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಹದಿನೈದು ನಿಮಿಷ ತೆಗೆಯಿರಿ. ಬೆಳಿಗ್ಗೆ ಸಾಮಾನ್ಯವಾಗಿ ಹಾಲು ಜಾಸ್ತಿ ಇರುತ್ತದೆ. ಮೊದಲ ದಿನ ಬಾಟಲಿಯ ತಳ ಮುಚ್ಚುವಷ್ಟೇ ಬಂದೀತು. ಬರಲಿ. ನಾಲ್ಕೈದು ದಿನ ಅದೇ ಹೊತ್ತಿಗೆ ಮಾಡಿದರೆ ಆ ಹೊತ್ತಿಗೂ ಹಾಲು ಬೇಕು ಅಂತ ಎದೆಗೆ ಗೊತ್ತಾಗುತ್ತದೆ.

ನನ್ನ ಕೆಲಸದಲ್ಲಿ ಮರೆಯಲಾಗದ ಒಬ್ಬ ತಾಯಿ ತುಮಕೂರು ಕಡೆಯ ಹೈಸ್ಕೂಲ್ ಟೀಚರ್. ಅವರು ಪಂಪ್ ಕೊಂಡಿರಲೇ ಇಲ್ಲ. ನನ್ನ ಮುಂದೆ ಕೂತು ಕೈಯಲ್ಲಿ ತೆಗೆಯುವುದನ್ನು ಕಲಿತರು. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನಿಂದ ಸುಮಾರು ಎರಡು ಬೆರಳಗಲ ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಬೇಕು, ಆಮೇಲೆ ಬೆರಳುಗಳನ್ನು ಕೂಡಿಸಿ ಒತ್ತಿ ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಎರಡು ನಿಮಿಷ ಬರೀ ಹನಿ. ಅವರು ನನ್ನ ಮುಖ ನೋಡಿದರು. ನಾನು ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿದೆ. ಅದು ಅಮ್ಮನ ಬಳೆ ಹಿಡಿದು ಎಳೆಯಿತು. ಅಷ್ಟೇ ನೋಡಿ, ಸ್ಟೀಲ್ ಬಟ್ಟಲಿಗೆ ಸರ್ ಅಂತ ಎಳೆಎಳೆಯಾಗಿ ಹಾಲು ಬಿತ್ತು. ಶಾಲೆಯಲ್ಲಿ ಲ್ಯಾಬಿನ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಮಗುವಿನ ವಿಡಿಯೋ ನೋಡುತ್ತಾ, ಮಧ್ಯಾಹ್ನ ಒಂದು ಸಲ, ಮೂರೂವರೆಗೆ ಒಂದು ಸಲ ತೆಗೆಯುತ್ತಿದ್ದರು. ಮಗುವಿಗೆ ಒಂದು ವರ್ಷ ಆಗುವವರೆಗೂ ನಡೆಸಿದರು.

ಅವರ ಮನೆಯಲ್ಲಿ ಮಗುವಿಗೆ ಹಾಲು ಹಾಕುತ್ತಿದ್ದವರು ಅಜ್ಜಿ, ಬೆಳ್ಳಿ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ. ಒಳಲೆ ಬಹಳ ಒಳ್ಳೆಯ ಸಾಧನ. ತೊಳೆಯುವುದು ಸುಲಭ, ಮಗು ಒಂದೊಂದೇ ಗುಟುಕು ನುಂಗುತ್ತದೆ, ಸಾಕಾದಾಗ ಬಾಯಿ ಮುಚ್ಚುತ್ತದೆ. ಮಗುವನ್ನು ಸ್ವಲ್ಪ ಎತ್ತಿ ಕೂರಿಸಿಕೊಂಡು ಹಾಕಬೇಕು, ಅಂಗಾತ ಮಲಗಿಸಿ ಸುರಿಯಬಾರದು. ಬಾಟಲಿಯೇ ಅನುಕೂಲ ಅನ್ನುವವರೂ ಹೀಗೇ ಕೂರಿಸಿ, ಬಾಟಲಿಯನ್ನು ಅಡ್ಡಲಾಗಿ ಹಿಡಿದು, ನಡುನಡುವೆ ನಿಲ್ಲಿಸಿ ಕೊಡಿ. ಸುಮ್ನೆ ತಲೆಕೆಳಗು ಹಿಡಿದರೆ ಐದು ನಿಮಿಷದಲ್ಲಿ 150 ಖಾಲಿ. ಸಂಜೆ ಫೋನ್: 'ಹಾಲು ಸಾಲ್ತಿಲ್ಲ.' ಸಾಲದೆ ಇದ್ದದ್ದು ಹಾಲಲ್ಲ, ಕುಡಿಸಿದ ವೇಗ ಜಾಸ್ತಿ ಆಗಿತ್ತು.

ಅಜ್ಜಿಯಂದಿರಿಗೆ ಇನ್ನೊಂದು ಮಾತು. ಎದೆಹಾಲನ್ನು ದಯವಿಟ್ಟು ಕಾಯಿಸಬೇಡಿ. ಕಾಯಿಸದ ಹಾಲು ಕೊಟ್ಟು ನಿಮಗೆ ಅಭ್ಯಾಸವಿಲ್ಲ, ಗೊತ್ತು. ಆದರೆ ಕುದಿಸಿದರೆ ಅದರಲ್ಲಿ ಮಗುವನ್ನು ಕಾಯುವ ಅಂಶಗಳು ಹಾಳಾಗುತ್ತವೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಉಗುರು ಬೆಚ್ಚಗೆ ಮಾಡಿದರೆ ಸಾಕು. ಮೇಲೆ ಕೆನೆ ಕಟ್ಟಿದರೆ ಹಾಲು ಒಡೆದಿದೆ ಅಂತ ಚೆಲ್ಲಬೇಡಿ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ತೆಗೆದ ಹಾಲು 25 ಡಿಗ್ರಿವರೆಗಿನ ತಂಪಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ಏಪ್ರಿಲ್ ಸೆಕೆಯಲ್ಲಿ ಅಷ್ಟು ನೆಚ್ಚಬೇಡಿ, ಬೇಗ ಫ್ರಿಜ್‌ಗೆ ಇಡಿ. ಫ್ರಿಜ್ ಒಳಗೆ, ಬಾಗಿಲಿನಲ್ಲಲ್ಲ, ನಾಲ್ಕು ದಿನ. ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಂದು ದಿನ. ಬೇರೆ ಬಾಗಿಲಿರುವ ಫ್ರೀಜರ್‌ನಲ್ಲಿ ಆರು ತಿಂಗಳು. ಒಂದೇ ಬಾಗಿಲಿನ ಫ್ರಿಜ್ ಇದ್ದು ಕರೆಂಟ್ ಹೋಗಿ ಬರುವ ಊರಾದರೆ ಎರಡು ವಾರಕ್ಕಿಂತ ಹೆಚ್ಚು ಬೇಡ ಅಂತ ನಾನು ಹೇಳುತ್ತೇನೆ. ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡಬಾರದು.

ಪಂಪ್ ಬಳಸುವವರಲ್ಲಿ 'ಹಾಲು ಬತ್ತಿತು' ಅಂತ ಬರುವ ಎಷ್ಟೋ ಮಂದಿಗೆ ನಾನು ಮೊದಲು ನೋಡುವುದು ಅವರ ಪಂಪ್. ಅದರೊಳಗಿನ ಪುಟ್ಟ ರಬ್ಬರ್ ವಾಲ್ವ್ ಸಡಿಲವಾಗಿರುತ್ತದೆ, ಇಲ್ಲವೇ ಸೀಳಿರುತ್ತದೆ. ಎಳೆಯುವ ಶಕ್ತಿಯೇ ಇರುವುದಿಲ್ಲ. ಎದೆಗೆ ಹಿಡಿಯುವ ಕೊಳವೆಯ ಅಳತೆಯೂ ಮುಖ್ಯ. ಪೆಟ್ಟಿಗೆಯಲ್ಲಿ ಬಂದ 24 ಮಿಲಿಮೀಟರಿನದು ಎಲ್ಲರಿಗೂ ಆಗುವುದಿಲ್ಲ. ನೋವಾಗುತ್ತಿದ್ದರೆ, ತೊಟ್ಟು ಬೆಳ್ಳಗಾಗುತ್ತಿದ್ದರೆ ಅಳತೆ ತಪ್ಪಿರಬಹುದು. ನೋವು ಸಹಿಸಿದರೆ ಹಾಲು ಜಾಸ್ತಿ ಬರುತ್ತದೆ ಅನ್ನುವುದು ಸುಳ್ಳು. ನೋವಿದ್ದರೆ ಹಾಲು ಇಳಿಯುವುದೇ ಕಷ್ಟ.

ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ತಿನ್ನಿ, ನನಗೂ ಇಷ್ಟ. ಬಾಯಾರಿದಷ್ಟು ನೀರು ಕುಡಿಯಿರಿ, ಬಾಣಂತಿ ನೀರು ಕುಡಿಯಬಾರದು ಅನ್ನುವ ಮಾತು ಕೇಳಬೇಡಿ. ಆದರೆ ಹಾಲು ಹೊರಗೆ ಹೋಗದಿದ್ದರೆ ಯಾವ ಉಂಡೆಯೂ ಕೈ ಹಿಡಿಯುವುದಿಲ್ಲ. ಗೆಳತಿ ಹೇಳಿದಳು ಅಂತ ಹಾಲು ಹೆಚ್ಚಿಸುವ ಮಾತ್ರೆ ತರಿಸಿಕೊಳ್ಳಬೇಡಿ, ಅವು ಹೃದಯದ ಬಡಿತಕ್ಕೆ ತೊಂದರೆ ಕೊಟ್ಟಾವು. ಕೆಲವು ನೆಗಡಿ ಮಾತ್ರೆ, ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ಹಾಲು ಕಮ್ಮಿಯಾಗಬಹುದು. ಡಾಕ್ಟರಿಗೆ 'ಹಾಲು ಕುಡಿಸ್ತಿದ್ದೀನಿ' ಅಂತ ಬಾಯಿಬಿಟ್ಟು ಹೇಳಿ. ಎದೆಯಲ್ಲಿ ಕೆಂಪು ಗಂಟು, ಮೈಯಲ್ಲಿ ಚಳಿಜ್ವರ ಬಂದರೆ ಅದೇ ದಿನ ತೋರಿಸಿ.

ನಾನು ಕೆಲಸಕ್ಕೆ ಮರಳಿದಾಗ ರಜೆ ಇದ್ದದ್ದು 12 ವಾರ. ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಬೆಡ್‌ಶೀಟ್ ಇಡುವ ಕೋಣೆಯಲ್ಲಿ, ಕಪಾಟಿಗೆ ಬೆನ್ನು ಕೊಟ್ಟು ನಿಂತು ಹಾಲು ಹಿಂಡಿ ಸಿಂಕಿಗೆ ಚೆಲ್ಲುತ್ತಿದ್ದೆ. ಇಡುವುದಕ್ಕೆ ಜಾಗ ಕೇಳುವ ಧೈರ್ಯ ಇರಲಿಲ್ಲ. ಆ ಬಿಳಿ ನೀರು ಸಿಂಕಿನಲ್ಲಿ ಹರಿದದ್ದು ಇವತ್ತಿಗೂ ಕಣ್ಣ ಮುಂದಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಹೆರಿಗೆಗೆ ಮುಂಚೆಯೇ ಎಂಟು ವಾರ ತೆಗೆದುಕೊಂಡವರಿಗೆ ಉಳಿಯುವುದು 18 ವಾರ, ಅಂದರೆ ಮಗುವಿಗೆ ನಾಲ್ಕು ತಿಂಗಳು. ರಾಗಿ ಸರಿ ಶುರುವಾಗುವುದಕ್ಕೂ ಮುಂಚೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ 1961ರ ಮೂಲ ಕಾಯ್ದೆಯ ಕಾಲದಿಂದಲೂ ಇದೆ. ರಜೆ ಮುಗಿಯುವ ಎರಡು ವಾರ ಮುಂಚೆ ಎಚ್‌ಆರ್‌ಗೆ ಇಮೇಲ್ ಹಾಕಿ, ಎಲ್ಲಿ ಹಾಲು ತೆಗೆಯಬಹುದು, ಯಾವ ಫ್ರಿಜ್‌ನಲ್ಲಿ ಇಡಬಹುದು ಅಂತ ಕೇಳಿ. ಟಾಯ್ಲೆಟ್ ತೋರಿಸಿದರೆ ಆಗುವುದಿಲ್ಲ ಅಂತ ಹೇಳಿ.

ಆಫೀಸಿನಲ್ಲಿ ಮೂರು ಗಂಟೆಗೊಮ್ಮೆ ಏಳಲೇಬೇಕು. 'ಮೀಟಿಂಗ್ ಇತ್ತು, ಆಮೇಲೆ ಒಟ್ಟಿಗೆ ತೆಗೆದೆ' ಅಂದರೆ ಮತ್ತೆ ಅದೇ ತುಂಬಲಿ ಅಂತ ಕಾಯುವ ಕಥೆ. ಐದೈದು ನಿಮಿಷ ಎರಡು ಸಲ ತೆಗೆದರೂ ಪರವಾಗಿಲ್ಲ, ಆರು ಗಂಟೆ ಬಿಡಬೇಡಿ. ಮನೆಗೆ ಬಂದ ಕೂಡಲೇ, ಕಾಫಿಗೂ ಮುಂಚೆ, ಮಗುವನ್ನು ಎದೆಗೆ ಹಾಕಿಕೊಳ್ಳಿ. ರಾತ್ರಿಯ ಹಾಲು ಬಿಡಿಸಬೇಡಿ. ಶನಿವಾರ, ಭಾನುವಾರ ಪಂಪನ್ನು ಮೂಲೆಗೆ ಇಟ್ಟು ಮಗು ಕೇಳಿದಾಗಲೆಲ್ಲ ಕುಡಿಸಿ.

ಬನಶಂಕರಿಯ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ಅತ್ತೆಯನ್ನೂ ಫೋನಿಗೆ ಕರೆಸಿ ಅವರಿಗೂ ಹೇಳಿದೆ. ಸೋಮವಾರ ಸೇರಬೇಡ, ಗುರುವಾರ ಸೇರು, ಎರಡೇ ದಿನ ಕಳೆದರೆ ರಜೆ ಬರುತ್ತೆ ಅಂದೆ. ನಿನ್ನೆ ಮತ್ತೆ ಫೋಟೋ ಕಳಿಸಿದ್ದಾಳೆ. ಮಗು ಕುಡಿದು ಮಲಗಿದ ಮೇಲೆ ತೆಗೆದದ್ದು, 35 ಎಂಎಲ್. ಪಕ್ಕದಲ್ಲಿ ಅತ್ತೆ ಹುಡುಕಿ ತೆಗೆದ ಹಳೆಯ ಒಳಲೆ ಇತ್ತು, ಹುಣಸೆಹಣ್ಣಿನಲ್ಲಿ ಉಜ್ಜಿ ಫಳಫಳ ಮಾಡಿದ್ದು.