ಹತ್ತು ಲಕ್ಷ ಪದ ಕೂಡಿದರೂ ಜೀಟಾ(1.01) ಏಕೆ ಸಿಗುವುದಿಲ್ಲ?

ಪ್ರಶ್ನೆ: ಜೀಟಾ(1.01)ರ, ಅಂದರೆ 1, 2, 3, … ಸಂಖ್ಯೆಗಳನ್ನು 1.01ನೆಯ ಘಾತಕ್ಕೇರಿಸಿ ಅವುಗಳಿಂದ 1ನ್ನು ಭಾಗಿಸಿ ಕೂಡುವ ಶ್ರೇಢಿಯ, ಬೆಲೆಗಾಗಿ ಕಂಪ್ಯೂಟರಿನಲ್ಲಿ ಮೊದಲ ಹತ್ತು ಲಕ್ಷ ಪದಗಳನ್ನು ಕೂಡಿದೆ. 13.48 ಬಂತು. ಕೋಷ್ಟಕದಲ್ಲಿ 100.58 ಎಂದಿದೆ. ತಪ್ಪು ಎಲ್ಲಾಯಿತು?

ಉತ್ತರ: ನಿಮ್ಮ ಸಂಕಲನದಲ್ಲಿ ತಪ್ಪಿಲ್ಲ. ಉಳಿದ 87 ನೀವು ಕೂಡದೆ ಬಿಟ್ಟ ಪದಗಳಲ್ಲಿದೆ.

ಜೀಟಾ(2), ಅಂದರೆ 1 + 1/4 + 1/9 + …, ಸಾವಿರ ಪದಗಳಾಗುವಷ್ಟರಲ್ಲಿ ಸುಮಾರು 0.001ರಷ್ಟನ್ನು ಮಾತ್ರ ಬಾಕಿ ಉಳಿಸುತ್ತದೆ. ಅದನ್ನು ಕಂಡವರಿಗೆ ಬಾಲವನ್ನು, ಅಂದರೆ ಉಳಿದ ಪದಗಳ ಮೊತ್ತವನ್ನು, ಕತ್ತರಿಸಿ ಬಿಡುವ ಅಭ್ಯಾಸವಾಗುತ್ತದೆ. ಆದರೆ ಘಾತ 1 ಆದಾಗ ಸಿಗುವ ಹರಾತ್ಮಕ ಶ್ರೇಢಿಗೆ, ಅಂದರೆ 1 + 1/2 + 1/3 + …ಕ್ಕೆ, ಮೊತ್ತವೇ ಇಲ್ಲ. ಜೀಟಾ ಫಲನದ ಧ್ರುವ, ಅಂದರೆ ಬೆಲೆ ಮಿತಿಯಿಲ್ಲದೆ ಬೆಳೆಯುವ ಬಿಂದು, ಇರುವುದು ಅಲ್ಲಿಯೇ. ಅದರ ಸಮೀಪದಲ್ಲಿ ಬಾಲವೇ ಬಹುಪಾಲು ಬೆಲೆ.

ಘಾತವು 1ನ್ನು ಮೀರಿದ ಭಾಗವನ್ನು ‘ಹ’ ಎನ್ನೋಣ. ‘ನ’ ಪದಗಳನ್ನು ಕೂಡಿದ ಮೇಲೆ ಉಳಿಯುವುದು ಸುಮಾರಾಗಿ 1/ಹ ಅನ್ನು ‘ನ’ದ ‘ಹ’ನೆಯ ಘಾತದಿಂದ ಭಾಗಿಸಿದಷ್ಟು. ಹತ್ತು ಲಕ್ಷದ 0.01ನೆಯ ಘಾತ ಕೇವಲ 1.148. 100ನ್ನು ಅದರಿಂದ ಭಾಗಿಸಿದರೆ ನಿಮ್ಮ ಕಾಣೆಯಾದ 87.1 ಸಿಗುತ್ತದೆ. ಬಾಲವನ್ನು 10ಕ್ಕೆ ಇಳಿಸಬೇಕೆಂದರೂ 1ರ ಮುಂದೆ ನೂರು ಸೊನ್ನೆ ಬರೆದಷ್ಟು ಪದಗಳು ಬೇಕು. ಎಷ್ಟೇ ವೇಗದ ಯಂತ್ರಕ್ಕೂ ಇದು ದಕ್ಕದು.

ಆದ್ದರಿಂದ ಬಾಲವನ್ನು ಬಿಡಬಾರದು, ಅಳೆಯಬೇಕು. 1730ರ ದಶಕದಲ್ಲಿ ಗಣಿತಜ್ಞರಾದ ಆಯ್ಲರ್ ಮತ್ತು ಮೆಕ್ಲಾರಿನ್ ಸ್ವತಂತ್ರವಾಗಿ ಕಂಡುಕೊಂಡ ಸೂತ್ರ ಮಾಡುವುದು ಇದನ್ನೇ. ಜೀಟಾ(1.1)ಕ್ಕೆ ಪ್ರಯೋಗಿಸಿ ನೋಡಿ. ಮೊದಲ ಪದ 1. ಪದಗಳ ತುದಿಗಳನ್ನು ಸೇರಿಸುವ ವಕ್ರರೇಖೆಯ (1ನ್ನು x‌ನ 1.1ನೆಯ ಘಾತದಿಂದ ಭಾಗಿಸಿದ ರೇಖೆಯ) ಕೆಳಗೆ 2ರಿಂದ ಆಚೆಗಿರುವ ವಿಸ್ತೀರ್ಣ 9.33033. ಎರಡನೆಯ ಪದದ ಅರ್ಧ 0.23326. 2ರ ಬಳಿಯ ಇಳಿಜಾರಿನ ಹನ್ನೆರಡನೆಯ ಒಂದು ಪಾಲು 0.02138. ಒಟ್ಟು 10.58497, ನಿಜವಾದ ಬೆಲೆ 10.58445. ಎರಡೇ ಪದಗಳಿಂದ ಇಷ್ಟು ನಿಖರತೆ! ಸುಮ್ಮನೆ ಕೂಡುತ್ತ ಹೋದರೆ ಸಾವಿರ ಕೋಟಿ ಪದಗಳ ನಂತರವೂ ಸುಮಾರು 1 ಬಾಕಿ ಇರುತ್ತದೆ. ಈ ಲೆಕ್ಕವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ಎಂದು ನನ್ನ ಒತ್ತಾಯ.

ಧ್ರುವಕ್ಕೆ ಇನ್ನೂ ಹತ್ತಿರ ಹೋದಾಗ ಬೇರೊಂದು ಸೂತ್ರ ಅನುಕೂಲ:

ಜೀಟಾ(1 + ಹ) ≈ 1/ಹ + 0.57722 + 0.07282 ಹ − 0.00485 ಹ²

ಇಲ್ಲಿ 1/ಹ ಎಂಬುದು ವಕ್ರರೇಖೆಯ ಕೆಳಗೆ 1ರಿಂದ ಅನಂತದವರೆಗಿನ ವಿಸ್ತೀರ್ಣ. ಶ್ರೇಢಿಯ ಪದಗಳನ್ನು ಒಂದೊಂದು ಅಗಲದ ಕಂಬಗಳಾಗಿ ನಿಲ್ಲಿಸಿದರೆ ಪ್ರತಿ ಕಂಬದ ತುದಿಯಲ್ಲೂ ರೇಖೆಯ ಮೇಲೆ ಒಂದು ಚೂರು ಉಳಿಯುತ್ತದೆ. ‘ಹ’ ಸೊನ್ನೆಯತ್ತ ಸಾಗಿದಂತೆ ಆ ಚೂರುಗಳ ಒಟ್ಟು ವಿಸ್ತೀರ್ಣ 0.57722ರತ್ತ, ಅಂದರೆ ಆಯ್ಲರ್ ಸ್ಥಿರಾಂಕದತ್ತ, ಸಾಗುತ್ತದೆ. ಹರಾತ್ಮಕ ಮೊತ್ತಕ್ಕೂ ಸ್ವಾಭಾವಿಕ ಲಘುಗಣಕಕ್ಕೂ ಇರುವ ಅಂತರ ಕೊನೆಗೆ ತಲುಪುವ ಬೆಲೆಯೂ ಇದೇ.

ನಿಮ್ಮ ಲೆಕ್ಕಕ್ಕೆ ಹಾಕೋಣ: 100 + 0.57722 + 0.00073 = 100.57795. ಮೂರು ಪದ, ಕಾಗದ, ಪೆನ್ಸಿಲ್ ಸಾಕು. ‘ಹ’ ಋಣವಾದರೂ ಸೂತ್ರ ನಡೆಯುತ್ತದೆ: ಜೀಟಾ(0.99) ಸುಮಾರು −99.4235. ಅಲ್ಲಿ ಮೂಲ ಶ್ರೇಢಿಗೆ ಮೊತ್ತವಿಲ್ಲ, ಶ್ರೇಢಿಯಾಚೆಗೂ ವಿಸ್ತರಿಸಿದ ಫಲನಕ್ಕೆ ಬೆಲೆ ಇದೆ.

ಒಂದು ಎಚ್ಚರಿಕೆ. ನಿಮಗೆ ಬೇಕಾದದ್ದು ಜೀಟಾದಿಂದ 1/ಹ ಕಳೆದ ಶೇಷವಾದರೆ, ಕಂಪ್ಯೂಟರಿನಲ್ಲಿ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯಬೇಡಿ. ಯಂತ್ರ ಹಿಡಿದಿಡುವುದು ಸುಮಾರು 16 ಅಂಕಿಗಳನ್ನು. ‘ಹ’ ಒಂದು ಲಕ್ಷ ಕೋಟಿಯ ಒಂದು ಭಾಗವಾದಾಗ ಬಿಂದುವಿನ ಮುಂದೆ ಮೂರು ನಾಲ್ಕು ಅಂಕಿಗಳಷ್ಟೇ ಉಳಿಯುತ್ತವೆ. ಆಗ 0.57722ರಿಂದಲೇ ನೇರವಾಗಿ ಆರಂಭಿಸಿ.