‘ಟೆನ್ಷನ್‌ಗೆ ಬಂದ ಬಿಪಿ’ ಎಂದು ಸುಮ್ಮನಾಗುವ ಮುಂಚೆ

“ಟೆನ್ಷನ್‌ಗೆ ಜಾಸ್ತಿ ತೋರಿಸ್ತಿದೆ ಅಷ್ಟೇ ಡಾಕ್ಟ್ರೇ, ನಂಗೆ ಬಿಪಿ ಗಿಪಿ ಏನಿಲ್ಲ.”

ಇಪ್ಪತ್ತೈದರಿಂದ ನಲವತ್ತರ ಒಳಗಿನವರ ಬಾಯಲ್ಲಿ ಈ ಮಾತು ಎಷ್ಟು ಸಲ ಬರುತ್ತದೆಂದರೆ, ಅದಕ್ಕಾಗಿಯೇ ಈ ಅಂಕಣ ಬರೆಯಬೇಕಾಯಿತು. ವಿಮೆಗೆಂದೋ, ಕಂಪನಿಯ ವಾರ್ಷಿಕ ತಪಾಸಣೆಗೆಂದೋ, ಹಲ್ಲು ಕೀಳಿಸಲು ಹೋದಾಗಲೋ 150/96 ಬಂದಿರುತ್ತದೆ. ಕಾರಣವನ್ನೂ ಅವರೇ ಸಿದ್ಧವಾಗಿಟ್ಟುಕೊಂಡು ಬಂದಿರುತ್ತಾರೆ: ಆಫೀಸಿನ ಡೆಡ್‌ಲೈನು, ಇಎಂಐ, ಟ್ರಾಫಿಕ್ಕು, ಹಿಂದಿನ ರಾತ್ರಿಯ ನಿದ್ದೆಗೇಡು. ಜೊತೆಗೆ ಬಂದ ತಾಯಿ, “ಈ ವಯಸ್ಸಿಗೇ ಮಾತ್ರೆ ಬೇಡಿ ಸಾರ್, ಒಂದ್ಸಲ ಶುರು ಮಾಡಿದ್ರೆ ಬಿಡೋ ಹಾಗಿಲ್ವಂತೆ” ಅನ್ನುತ್ತಾರೆ. ಚೀಟಿ ಮಡಚಿ ಜೇಬಿಗೆ ಹೋಗುತ್ತದೆ. ಮತ್ತೆ ಬಿಪಿ ನೋಡಿಸುವುದು ಎರಡು ಮೂರು ವರ್ಷದ ಮೇಲೆ, ಅದೂ ಬೇರೆ ಯಾವುದೋ ಕಾರಣಕ್ಕೆ.

ಒತ್ತಡದಿಂದ ರಕ್ತದೊತ್ತಡ ಏರುವುದು ಸುಳ್ಳಲ್ಲ. ಗಾಬರಿಯಾದಾಗ ಅಡ್ರಿನಲಿನ್ ಹೆಚ್ಚುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಮೇಲಿನ ಸಂಖ್ಯೆ 20-30 ಏರಿ, ಮನಸ್ಸು ಶಾಂತವಾದ ಮೇಲೆ ಇಳಿಯುತ್ತದೆ. ಇದು ಕಾಯಿಲೆಯಲ್ಲ. ಆದರೆ ಆ ದಿನದ 150/96 ಇಂಥದ್ದೇ ಎಂದು ಯಾರು ಹೇಳಿದರು? ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ, ಊಹಿಸಿರುತ್ತಾರೆ ಅಷ್ಟೇ.

ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರಿಗೂ ವಯಸ್ಸು ಮೂವತ್ತೆರಡು, ಇಬ್ಬರಿಗೂ ಕ್ಲಿನಿಕ್ಕಿನಲ್ಲಿ 150/96, ಇಬ್ಬರೂ ಟೆನ್ಷನ್ ಅನ್ನುತ್ತಾರೆ. ಮನೆಯಲ್ಲಿ ಒಂದು ವಾರ ಅಳೆದರೆ ಒಬ್ಬರ ಸರಾಸರಿ 122/78, ಇನ್ನೊಬ್ಬರದು 146/94. ಮೊದಲನೆಯವರಿಗೆ ಡಾಕ್ಟರನ್ನು ಕಂಡಾಗ ಮಾತ್ರ ಏರುವ ‘ವೈಟ್ ಕೋಟ್’ ಬಿಪಿ. ಮಾತ್ರೆ ಬೇಡ, ಆದರೆ ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಎರಡನೆಯವರಿಗೆ ನಿಜವಾದ ಬಿಪಿ. ಮುಖ ನೋಡಿ, ವಯಸ್ಸು ನೋಡಿ, ಹೇಳಿದ ಕಥೆ ಕೇಳಿ ಇವರಿಬ್ಬರಲ್ಲಿ ಯಾರು ಯಾರೆಂದು ಎಂಥ ವೈದ್ಯರಿಗೂ ಹೇಳಲಾಗದು. ಮೂರನೆಯ ಗುಂಪೂ ಇದೆ: ಕ್ಲಿನಿಕ್ಕಿನಲ್ಲಿ 128/82, ದಿನದ ಉಳಿದ ಹೊತ್ತೆಲ್ಲ 145/92. ಸಿಗರೇಟು ಸೇದುವವರಲ್ಲಿ, ಕೆಲಸದ ಒತ್ತಡ ಹೆಚ್ಚಿರುವವರಲ್ಲಿ ಇದು ಸಿಗುತ್ತದೆ. ಒಂದು ಸಲ ನಾರ್ಮಲ್ ಬಂದದ್ದನ್ನೇ ನಂಬಿ ಇವರು ವರ್ಷಗಟ್ಟಲೆ ನಿಶ್ಚಿಂತರಾಗಿರುತ್ತಾರೆ.

ಇನ್ನೂ ಒಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಬಿಪಿ ಏಕೆ ಏರಿತು ಎಂದು ರಕ್ತನಾಳ ಕೇಳುವುದಿಲ್ಲ. ದಿನಕ್ಕೆ ಹತ್ತು ಗಂಟೆ ಟೆನ್ಷನ್‌ನಲ್ಲಿರುವವರ ನಾಳಗಳ ಮೇಲೆ ಹತ್ತು ಗಂಟೆಯೂ ಹೆಚ್ಚಿನ ಒತ್ತಡವೇ ಇದ್ದರೆ, ಮೂತ್ರಪಿಂಡ, ಹೃದಯದ ಗೋಡೆ, ಮಿದುಳಿನ ಸಣ್ಣ ನಾಳಗಳಿಗೆ ಆಗುವ ಹಾನಿ ಆಗಿಯೇ ಆಗುತ್ತದೆ. “ಟೆನ್ಷನ್‌ಗೆ ಬಂದಿದ್ದು” ಎಂಬುದು ನಿಜವೇ ಆಗಿದ್ದರೂ, ಅದು ದಿನವೂ ಬರುತ್ತಿದ್ದರೆ ಸಮಾಧಾನಪಡುವಂಥದ್ದು ಏನೂ ಇಲ್ಲ.

ಹಾಗಾಗಿ ಅಳೆಯಬೇಕು. ಸರಿಯಾಗಿ ಅಳೆಯಬೇಕು.

ಯಂತ್ರ ತೋಳಿಗೆ ಕಟ್ಟುವಂಥದ್ದಿರಲಿ. ಮಣಿಕಟ್ಟಿನ ಯಂತ್ರ, ಸ್ಮಾರ್ಟ್‌ವಾಚ್ ತೋರಿಸುವ ಸಂಖ್ಯೆಗಳ ಮೇಲೆ ನಿರ್ಧಾರ ತೆಗೆದುಕೊಳ್ಳಬೇಡಿ. ಕೊಳ್ಳುವ ಮುಂಚೆ ಟೈಲರ್ ಟೇಪಿನಿಂದ ಭುಜ ಮತ್ತು ಮೊಣಕೈ ನಡುವಿನ ಸುತ್ತಳತೆ ನೋಡಿಕೊಳ್ಳಿ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ (ಕಫ್) ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ ಹೊಂದುತ್ತದೆ. ಜಿಮ್‌ನಲ್ಲಿ ತೋಳು ಬೆಳೆಸಿದವರಿಗೆ, ದಪ್ಪಗಿರುವವರಿಗೆ 32 ದಾಟಿರುತ್ತದೆ. ಅವರಿಗೆ ದೊಡ್ಡ ಪಟ್ಟಿಯೇ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಇದೆಯೆಂದು ತೋರಿಸುತ್ತದೆ. ಯಂತ್ರ ತಂದ ಮೇಲೆ ಒಮ್ಮೆ ಕ್ಲಿನಿಕ್ಕಿಗೂ ತನ್ನಿ, ಅಲ್ಲಿನ ಯಂತ್ರದ ಜೊತೆ ಹೋಲಿಸಿ ನೋಡುವುದು ಐದು ನಿಮಿಷದ ಕೆಲಸ.

ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನಿರಿ. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ. ಕೈಯನ್ನು ಮೇಜಿನ ಮೇಲಿಟ್ಟಾಗ ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ತಗ್ಗಾದರೆ ಕೈಕೆಳಗೆ ದಿಂಬು ಇಡಿ. ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಅಂಗಿಯ ತೋಳಿನ ಮೇಲೆ ಕಟ್ಟಬೇಡಿ, ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚಿಯೂ ಕಟ್ಟಬೇಡಿ. ಯಂತ್ರ ಓಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆದಿಡಿ.

ಇದೆಲ್ಲ ಅತಿಯಾಯಿತು ಅನ್ನಿಸಬಹುದು. ಮಾತಾಡುತ್ತಾ ಅಳೆದರೆ ಮೇಲಿನ ಸಂಖ್ಯೆ ಸುಮಾರು 10 ಏರಬಹುದು. ಮೂತ್ರ ತಡೆದುಕೊಂಡಿದ್ದರೂ ಅಷ್ಟೇ. ಕೈ ಜೋತುಬಿದ್ದಿದ್ದರೆ ಎದೆಯ ಮಟ್ಟದಿಂದ ಇಳಿದ ಪ್ರತಿ 10 ಸೆಂ.ಮೀ.ಗೆ ಹೆಚ್ಚೂಕಡಿಮೆ 7-8 ಕೂಡುತ್ತದೆ. ಮೂರೂ ಸೇರಿದರೆ 122 ಇರುವವರು 150ರ ಹತ್ತಿರ ಹೋಗಿಬಿಡುತ್ತಾರೆ. ಮೆಟ್ಟಿಲು ಹತ್ತಿ ಬಂದು, ಫೋನಿನಲ್ಲಿ ಮಾತಾಡುತ್ತಲೇ ಕೈ ಚಾಚಿದವರ ಬಿಪಿಯನ್ನು ಬರೆದುಕೊಳ್ಳುವ ಕ್ಲಿನಿಕ್ಕುಗಳೂ ಇವೆ. ಆ ತಪ್ಪು ನಮ್ಮ ವೃತ್ತಿಯವರದು. “ಐದು ನಿಮಿಷ ಕೂತ್ಕೋತೀನಿ, ಆಮೇಲೆ ನೋಡಿ ಸಾರ್” ಎನ್ನಲು ಸಂಕೋಚಪಡಬೇಡಿ.

ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಬೆಳಿಗ್ಗೆಯದು ತಿಂಡಿಗೆ ಮುಂಚೆ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರೆಗೂ ಮುಂಚೆ. ರಾತ್ರಿ ಪಾಳಿಯವರು ಗಡಿಯಾರ ನೋಡುವುದು ಬೇಡ: ಮುಖ್ಯ ನಿದ್ದೆಯಿಂದ ಎದ್ದ ಮೇಲೆ ಎರಡು ಸಲ, ಮಲಗುವ ಮುಂಚೆ ಎರಡು ಸಲ. ಮೊದಲ ದಿನದ್ದನ್ನು ಬಿಟ್ಟುಬಿಡಿ, ಹೊಸ ಯಂತ್ರದ ಕುತೂಹಲಕ್ಕೇ ಅದು ಏರಿರುತ್ತದೆ. ಉಳಿದ 24 ಅಳತೆಗಳಲ್ಲಿ ಮೇಲಿನವನ್ನೆಲ್ಲ ಕೂಡಿ 24ರಿಂದ ಭಾಗಿಸಿ, ಕೆಳಗಿನವನ್ನೂ ಹಾಗೆಯೇ. ಸರಾಸರಿ 135/85 ಅಥವಾ ಹೆಚ್ಚಿದ್ದರೆ, ಅದು ಕ್ಲಿನಿಕ್ಕಿನ 140/90ಕ್ಕೆ ಸಮ. ಎರಡರಲ್ಲಿ ಒಂದು ದಾಟಿದರೂ ಲೆಕ್ಕಕ್ಕೆ ಬರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಎಷ್ಟೋ ಸಲ ಮೊದಲು ಏರುವುದು ಕೆಳಗಿನ ಸಂಖ್ಯೆಯೇ. “ಮೇಲಿನದು 130 ಇದೆಯಲ್ಲ” ಎಂದು 94ನ್ನು ಕಡೆಗಣಿಸಬೇಡಿ. ಒಂದೊಂದು ಅಳತೆಗೂ ಹೆದರುವುದೂ ಬೇಡ. ಹೆದರಿಕೊಂಡು ಐದೈದು ನಿಮಿಷಕ್ಕೆ ಅಳೆಯುತ್ತಾ ಕೂತರೆ ಸಂಖ್ಯೆ ಏರುತ್ತಲೇ ಹೋಗುತ್ತದೆ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ, 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಆ ಭಯ ಅರ್ಥವಾಗುತ್ತದೆ. ಆದರೆ ಹಾಗೆ ಓಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಇಸಿಜಿ, ಎಕೋ. ಇಸಿಜಿ ನಾರ್ಮಲ್ ಬಂದರೆ ಬಿಪಿ ಇಲ್ಲವೆಂದಲ್ಲ; ಬಿಪಿ ಶುರುವಾದ ಹೊಸದರಲ್ಲಿ ಇಸಿಜಿಯಲ್ಲಿ ಏನೂ ಕಾಣುವುದಿಲ್ಲ. ಸಾವಿರಾರು ರೂಪಾಯಿಯ ಪ್ಯಾಕೇಜು ಮಾಡಿಸಿಕೊಂಡವರೂ ಒಂದು ವಾರ ಬಿಪಿ ಬರೆದಿಟ್ಟಿರುವುದಿಲ್ಲ. ಸರ್ಕಾರದ ತಪಾಸಣೆ ಮುಖ್ಯವಾಗಿ 30 ದಾಟಿದವರಿಗೆ. ಅದಕ್ಕಿಂತ ಚಿಕ್ಕವರು ತಾವಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಬೇಕು.

ಸರಾಸರಿ ನಿಜಕ್ಕೂ ಹೆಚ್ಚೇ ಬಂದಿದೆ, ವಯಸ್ಸು ನಲವತ್ತರೊಳಗೆ. ಆಗ ಟೆನ್ಷನ್ ಎಂಬ ಉತ್ತರ ಇನ್ನೂ ಅಪಾಯಕಾರಿ, ಏಕೆಂದರೆ ಈ ವಯಸ್ಸಿನ ಬಿಪಿಗೆ ಹುಡುಕಿದರೆ ಸಿಗುವ ಕಾರಣ ಇರುವ ಸಾಧ್ಯತೆ ಹಿರಿಯರಿಗಿಂತ ಹೆಚ್ಚು. ಮೊದಲು ಔಷಧದ ಡಬ್ಬಿ ನೋಡಿ. ಬೆನ್ನುನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್, ಫಿನೈಲ್‌ಎಫ್ರಿನ್ ಇರುವ ನೆಗಡಿ ಮಾತ್ರೆ, ಸ್ಟಿರಾಯ್ಡ್, ಕೆಲವು ಗರ್ಭನಿರೋಧಕ ಮಾತ್ರೆ, ಜಿಮ್‌ಗೆ ಮುಂಚೆ ಕುಡಿಯುವ ಕೆಫೀನ್ ಪುಡಿ, ಎನರ್ಜಿ ಡ್ರಿಂಕ್. “ಏನಾದರೂ ಮಾತ್ರೆ ತಗೋತೀರಾ?” ಎಂದರೆ ಇವನ್ನು ಯಾರೂ ಹೇಳುವುದಿಲ್ಲ, ಮಾತ್ರೆಯೆಂದೇ ಅವರು ಎಣಿಸಿರುವುದಿಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ತನ್ನಿ.

ಎರಡನೆಯದು ಗೊರಕೆ. ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗುವುದು, ಎಂಟು ಗಂಟೆ ಮಲಗಿದರೂ ಮಧ್ಯಾಹ್ನ ತೂಕಡಿಕೆ. ಇದ್ದರೆ ನಿದ್ದೆಯ ಪರೀಕ್ಷೆ ಬೇಕಾಗಬಹುದು. ಸಾಮಾನ್ಯವಾಗಿ ನಿದ್ದೆಯಲ್ಲಿ ಬಿಪಿ ಶೇ 10-20ರಷ್ಟು ಇಳಿಯಬೇಕು, ಇವರಲ್ಲಿ ಹಲವರಿಗೆ ಇಳಿಯುವುದಿಲ್ಲ. ಗೊರಕೆಯ ಪ್ರಶ್ನೆಗೆ ಉತ್ತರ ಕೊಡಬಲ್ಲವರು ರೋಗಿಯಲ್ಲ, ಪಕ್ಕದಲ್ಲಿ ಮಲಗುವವರು.

ಪರೀಕ್ಷೆಗಳು ದುಬಾರಿಯಲ್ಲ: ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ಒಂದು ಇಸಿಜಿ. ಮೂತ್ರಪಿಂಡದ ಕಾಯಿಲೆ ಯಾವ ಲಕ್ಷಣವೂ ಇಲ್ಲದೆ ಬಿಪಿಯಾಗಿ ಮಾತ್ರ ಕಾಣಿಸಿಕೊಳ್ಳುವುದುಂಟು. ಪೊಟ್ಯಾಸಿಯಂ ಕಡಿಮೆಯಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಅನುಮಾನಿಸಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳಿನ ಬಿಪಿ ನೋಡಿ, ಹೆಚ್ಚು ಬಂದ ತೋಳಿನಲ್ಲೇ ಮುಂದೆ ಅಳೆಯಬೇಕು. ತೊಡೆಸಂದಿಯ ನಾಡಿಯನ್ನೂ ಮುಟ್ಟಿ ನೋಡಬೇಕು. ಹುಟ್ಟಿನಿಂದಲೇ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಕಿರಿದಾಗಿದ್ದರೆ ಅಲ್ಲಿ ನಾಡಿ ಮಂದವಾಗಿರುತ್ತದೆ. ನಮ್ಮ ದೇಶದ ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತನಾಳಗಳೇ ಊದಿ ಕಿರಿದಾಗುವ ಟಕಯಾಸು ಎಂಬ ಕಾಯಿಲೆಯೂ ಇದೆ: ಒಂದು ತೋಳಿನ ಬಿಪಿ ತೀರಾ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಒಂದೇ ತೋಳು ನೋಡಿ ಕಳಿಸಿದರೆ ತಪ್ಪಿಹೋಗುತ್ತದೆ.

ಇಂಥ ಕಾರಣ ಸಿಗದವರೇ ಬಹುಪಾಲು. ಅವರ ಬಿಪಿಗೆ ಒತ್ತಡದ ಸಂಬಂಧವಿದ್ದರೂ ಹೆಚ್ಚಿನ ಪಾಲು ಬಳಸುದಾರಿಯದು: ನಿದ್ದೆ ಐದು ಗಂಟೆಗೆ ಇಳಿದಿರುವುದು, ರಾತ್ರಿ ಹನ್ನೊಂದಕ್ಕೆ ಆ್ಯಪ್‌ನಲ್ಲಿ ತರಿಸಿದ ಊಟ, ವಾರದ ಕೊನೆಯ ಕುಡಿತ, ಮದುವೆಯಾದ ಮೇಲೆ ಏರಿದ ಹತ್ತು ಕಿಲೋ. ಕೆಲಸ ಬಿಡಿ ಎಂದು ಯಾರಿಗೂ ಹೇಳಲಾಗದು. ಇವುಗಳಲ್ಲಿ ಒಂದೆರಡನ್ನಾದರೂ ಹಿಡಿಯಬಹುದು. ತೂಕ ಒಂದು ಕಿಲೋ ಇಳಿದರೆ ಮೇಲಿನ ಸಂಖ್ಯೆ ಸುಮಾರು 1 ಇಳಿಯುತ್ತದೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಿಂದ ಇನ್ನೊಂದು 5 ಇಳಿಯಬಹುದು.

ಉಪ್ಪಿನ ವಿಷಯದಲ್ಲಿ “ನಾವು ಕಮ್ಮಿನೇ ತಿನ್ನೋದು” ಎಂಬ ಮಾತನ್ನು ನಂಬುವ ಬದಲು ಉಪ್ಪಿನ ಪ್ಯಾಕೆಟ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ತಲೆಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 20 ಗ್ರಾಂ, ಅಂದರೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಒಡೆದ ದಿನಾಂಕವನ್ನು ಪ್ಯಾಕೆಟ್ಟಿನ ಮೇಲೇ ಬರೆದಿಡಿ. 25 ದಿನಕ್ಕೆ ಮುಗಿದರೆ ತಲೆಗೆ 10 ಗ್ರಾಂ ಆಯಿತು. ಹೋಟೆಲು, ಬೇಕರಿ, ಚಿಪ್ಸು, ಅಂಗಡಿಯ ಉಪ್ಪಿನಕಾಯಿ ಇದರ ಮೇಲೆ. ಪ್ಯಾಕೆಟ್ ತಿಂಡಿಯ ಹಿಂದೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ಕಲ್ಲುಪ್ಪು, ಗುಲಾಬಿ ಬಣ್ಣದ ಸೈಂಧವ ಲವಣದಿಂದ ಬಿಪಿ ಬರುವುದಿಲ್ಲವೆಂಬುದು ಸುಳ್ಳು, ಅವೂ ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆಯಿರುವವರು, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಅದನ್ನು ಬಳಸಬಾರದು.

ಕ್ಲಿನಿಕ್ಕಿನ ಅಳತೆ 140-159 ನಡುವೆ ಇದ್ದು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಮೂರು ತಿಂಗಳು ಇವೆಲ್ಲ ಮಾಡಿ ನೋಡಲು ಅವಕಾಶವಿದೆ. 160/100 ದಾಟಿದವರಿಗೆ ಸಾಮಾನ್ಯವಾಗಿ ಮಾತ್ರೆಯೂ ಆಗಲೇ ಬೇಕು. ಆ ತಾಯಿಯ ಆತಂಕಕ್ಕೆ ಉತ್ತರ: ಮಾತ್ರೆ ಚಟ ಹತ್ತಿಸುವುದಿಲ್ಲ. ತೂಕ, ಉಪ್ಪು, ಕುಡಿತ ಇಳಿಸಿದ ಕೆಲವರಿಗೆ ಮಾತ್ರೆ ಕಡಿಮೆ ಮಾಡಲು, ಅಪರೂಪಕ್ಕೆ ನಿಲ್ಲಿಸಲು ಆಗುತ್ತದೆ. ಆದರೆ ಬಿಪಿ ನಾರ್ಮಲ್ ಬಂತೆಂದು ತಾವೇ ನಿಲ್ಲಿಸುವಂತಿಲ್ಲ. ಅದು ನಾರ್ಮಲ್ ಬಂದಿರುವುದು ಮಾತ್ರೆಯಿಂದಲೇ.

180/120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ತಕ್ಷಣ ಆಸ್ಪತ್ರೆ. ಲಕ್ಷಣ ಏನೂ ಇಲ್ಲದಿದ್ದರೆ ಕೂತು ಮತ್ತೆ ಅಳೆಯಿರಿ, ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ನಾಲಿಗೆಯಡಿ ಹಾಕುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಬಿಪಿಯನ್ನು ಥಟ್ಟನೆ ಬೀಳಿಸಿ ಪಾರ್ಶ್ವವಾಯು ತರಬಹುದು, ಯಾರು ಹೇಳಿದರೂ ಮಾಡಬೇಡಿ.

ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವ, ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು, ನಾವೂ ಕೇಳಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಲ್ಯಾಬೆಟಲಾಲ್, ನಿಧಾನವಾಗಿ ಕರಗುವ ನಿಫೆಡಿಪಿನ್, ಮಿಥೈಲ್‌ಡೋಪಾದಂಥ ಬದಲಿ ಇವೆ. ಮುಟ್ಟು ತಪ್ಪಿದ ಮೇಲೆ ಗಾಬರಿಯಿಂದ ಎಲ್ಲ ಮಾತ್ರೆ ನಿಲ್ಲಿಸಿ ಕೂರುವುದಕ್ಕಿಂತ, ಗರ್ಭನಿರೋಧಕ ಬಿಡುವ ಮುಂಚೆಯೇ ಬಂದು ಮಾತ್ರೆ ಬದಲಿಸಿಕೊಳ್ಳಿ.